ದೊರೆಯ ತಪ್ಪಿಗೊಂದು ಪದ

ಮಲ್ಲೇಗುಡ್ಡದ ಪಾಳೆಯಗಾರ ಸರ್ಜಪ್ಪನಾಯಕ ಒಂದು ದಿನ ಬೇಟೆಗೆ ಹೋಗಿ, ಹಂದಿಯೆಂದುಕೊಂಡು ಮಡಿವಾಳರ ಬಟ್ಟೆ ಗಂಟಿಗೆ ಬಾಣ ಬಿಟ್ಟ. ಪಕ್ಕದಲ್ಲಿದ್ದ ಕುದುರೆ ಕಾಯುವ ಓಬಣ್ಣನ ಬಾಯಿಂದ, "ಅಯ್ಯೋ, ದೊರೆ ತಪ್ಪು ಮಾಡಿಬಿಟ್ರು!" ಅಂತ ಬಂದೇಬಿಟ್ಟಿತು.

ನಾಯಕ ಕೆಂಡವಾದ. "ತಪ್ಪು ಮಾಡೋರು ನೀವು ಕಣೋ! ದೊರೆ ಮಾಡಿದ್ದಕ್ಕೆ ಬೇರೆ ಪದ ಬೇಕು, ಘನವಾದ ಪದ. ಈಗಲೇ ಹೇಳು. ಇಲ್ಲದಿದ್ರೆ ನಿನ್ನ ನಾಲಿಗೆ ಕೀಳಿಸ್ತೀನಿ!"

ಓಬಣ್ಣ ಕೈಮುಗಿದು ಮೆಲ್ಲಗೆ ಅಂದ, "ಬುದ್ಧಿ, ಪರಾಕ್ರಮ ಅಂದರೆ ಹೇಗೆ? ನಾವು ಮಾಡಿದರೆ ತಪ್ಪು, ತಾವು ಮಾಡಿದರೆ ಪರಾಕ್ರಮ."

ನಾಯಕ ಹಿಗ್ಗಿಹೋದ. ದೊರೆಯ ತಪ್ಪಿಗೆ ಇನ್ನುಮುಂದೆ ಪರಾಕ್ರಮ ಅನ್ನಬೇಕೆಂದು ಅಂದೇ ಊರಿಗೆಲ್ಲ ಡಂಗುರ ಹೊಡೆಸಿದ.

ಮರುದಿನ ಒಡ್ಡೋಲಗ. ಓಬಣ್ಣನೂ ಒಂದು ಮೂಲೆಯಲ್ಲಿ ನಿಂತಿದ್ದ. ಹೊಗಳುಭಟ್ಟ ಎದ್ದು ಎಂದಿನಂತೆ ಗಂಟಲು ತೆರೆದ: "ನಮ್ಮ ನಾಯಕರ ಪರಾಕ್ರಮಗಳಿಗೆ ಲೆಕ್ಕವುಂಟೇ! ಇವರು ಮಾಡಿದ್ದೆಲ್ಲ ಪರಾಕ್ರಮವೇ! ಇವರನ್ನು ಹೆತ್ತದ್ದೇ ಇವರ ತಂದೆಯ ಮಹಾ ಪರಾಕ್ರಮ!"

ಮೊದಲು ಯಾರೋ ಕೆಮ್ಮಿದರು. ಆಮೇಲೆ ಮಂತ್ರಿಯ ಹೊಟ್ಟೆ ಕುಲುಕತೊಡಗಿತು. ಕೊನೆಗೆ ಬಾಗಿಲ ಕಾವಲುಗಾರ ಈಟಿ ಕೈಬಿಟ್ಟು ಗೊಳ್ಳೆಂದು ನಕ್ಕ. ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು.

ನಾಯಕ ಗದ್ದುಗೆಯಿಂದ ದಡಕ್ಕನೆ ಎದ್ದು ಕೂಗಿಕೊಂಡ: "ನಿಲ್ಲಿಸ್ರೋ! ಓಬಣ್ಣ, ನಂದು ತಪ್ಪಾಯ್ತು ಕಣಪ್ಪ! ತಪ್ಪು, ತಪ್ಪು, ನೂರು ಸಲ ತಪ್ಪು!"