ಬೆನ್ನು ಹಾಕಿ ಕೂತ ಸಣ್ಣಯ್ಯ

ಹೊಳೆಯ ಈಚೆ ಆಶ್ರಮ, ಆಚೆ ಸಣ್ಣಯ್ಯನ ಊರು. ಮನೆಮಠ ಬಿಟ್ಟು ಗುರುಗಳ ಹತ್ತಿರ ಬಂದಿದ್ದನೇ ಹೊರತು, ಊರಿನ ಕಬಡ್ಡಿ ತಂಡವನ್ನು ಮಾತ್ರ ಅವನ ಕೈಲಿ ಬಿಡಲಾಗಿರಲಿಲ್ಲ.

ಆ ತಂಡವೋ, ಸೋಲುವುದಕ್ಕೇ ಹುಟ್ಟಿದ್ದು. ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಆ ಕಣದಲ್ಲೇ ಮೇಲೂರಿನವರ ಜೊತೆ ಆಟ. ಇನ್ನೇನು ಗೆದ್ದೆವು ಅನ್ನುವಷ್ಟು ಹತ್ತಿರ ಹೋಗಿ ಮಣ್ಣು ಮುಕ್ಕುವುದು. "ಬರೋ ವರ್ಷ ನೋಡಿ ಬುದ್ಧಿ," ಅಂತ ಸಣ್ಣಯ್ಯ ಗುರುಗಳಿಗೆ ಹೇಳುವುದು. ಹೀಗೇ ನಡೆದಿತ್ತು.

ಆ ವರ್ಷ ಆಟದ ದಿನ ಬೆಳಗ್ಗೆ ಅವನ ಗಂಟಲಲ್ಲಿ ಅಂಬಲಿಯೂ ಇಳಿಯಲಿಲ್ಲ. ಕೈಕಾಲು ತಣ್ಣಗೆ.

"ಜ್ವರವೇನೋ?" ಅಂದರು ಗುರುಗಳು.

"ಭಯ ಬುದ್ಧಿ. ಇವತ್ತು ಆಟ."

"ಆಡೋನು ನಿಮ್ಮಣ್ಣ ಕಾಳಪ್ಪ. ನಿನಗ್ಯಾಕೋ ಭಯ?"

"ನನ್ನ ಕಣ್ಣು ಒಳ್ಳೇದಲ್ಲ ಬುದ್ಧಿ. ಚಿಕ್ಕವನಿದ್ದಾಗ ಮೊದಲನೇ ಸಲ ಆಟ ನೋಡಿದೆ, ಅಣ್ಣನ ತೋಳು ಮುರೀತು. 'ಈ ಹೈದನ ಕಣ್ಣೇ ತಾಗಿದ್ದು' ಅಂದರು ಜನ. ಅವತ್ತಿಂದ ಕಣಕ್ಕೆ ಬೆನ್ನು ಹಾಕಿ ಕೂರ್ತೀನಿ. ಹೋಗದೆ ಇರೋಕೂ ಆಗಲ್ಲ, ನೋಡೋಕೂ ಆಗಲ್ಲ."

ಗುರುಗಳು ಕೋಲು ಹಿಡಿದು ಎದ್ದರು. "ನಡಿ, ನಾನೂ ಬರ್ತೀನಿ."

ದೋಣಿಯಲ್ಲಿ ಹೊಳೆ ದಾಟಿದರು. ಆಟ ಶುರುವಾಗುತ್ತಲೇ ಸಣ್ಣಯ್ಯ ಬೆನ್ನು ತಿರುಗಿಸಿದ.

ಗುರುಗಳು ಅವನ ಭುಜ ಹಿಡಿದು ಕಣದ ಕಡೆಗೆ ತಿರುಗಿಸಿ ಕೂರಿಸಿದರು. ತಾವು ಕಣಕ್ಕೆ ಬೆನ್ನು ಹಾಕಿ ಕೂತರು. ಸಾಲದ್ದಕ್ಕೆ ಹೆಗಲ ಮೇಲಿನ ಬಟ್ಟೆ ತೆಗೆದು ಕಣ್ಣಿಗೂ ಕಟ್ಟಿಕೊಂಡರು.

"ಇದೇನು ಬುದ್ಧಿ!"

"ನೋಡದೆ ಇರೋ ಕೆಲಸ ಇವತ್ತು ನಂದು. ನೋಡೋ ಕೆಲಸ ನಿಂದು. ಏನಾಗ್ತಿದೆ ಹೇಳು."

ಸಣ್ಣಯ್ಯ ಕಣ್ಣು ಮುಚ್ಚಿಕೊಂಡ. ಆದರೆ ಗುರುಗಳ ಮಾತು. ನೋಡಿದ, ಹೇಳಿದ. ಹೇಳುತ್ತಾ ಹೇಳುತ್ತಾ ಇರುವಾಗಲೇ ಎರಡು ಕಡೆಯ ಅಂಕವೂ ಸಮ ಆಗಿಬಿಟ್ಟಿತು.

"ಇದೇ ಕಡೇದು ಬುದ್ಧಿ. ಅಣ್ಣ ಉಸಿರು ಹಿಡಿದು ಒಳಗೆ ಹೋದ. ನಾನಿನ್ನು ನೋಡಲ್ಲ."

"ಯಾರನ್ನ ಮುಟ್ಟಿದ?"

"ಮುಟ್ಟಿದ! ಒಬ್ಬನ್ನ ಮುಟ್ಟಿದ! ಅಯ್ಯೋ, ಕಾಲು ಹಿಡ್ಕೊಂಡ್ರು. ಗೆರೆ ಕಡೆ ತೆವಳ್ತಿದ್ದಾನೆ. ಕೈ ಚಾಚಿದ..."

"ಆಮೇಲೆ?"

ಉತ್ತರ ಕೊಟ್ಟಿದ್ದು ಮೇಲೂರಿನವರ ತಮಟೆ. ಗೆರೆಗೂ ಕಾಳಪ್ಪನ ಬೆರಳಿಗೂ ನಡುವೆ ಒಂದು ಗೇಣು ಮಣ್ಣು ಉಳಿದಿತ್ತು.

"ನಾನು ನೋಡಿಬಿಟ್ಟೆ ಬುದ್ಧಿ, ಸೋತುಹೋದರು," ಅಂತ ಸಣ್ಣಯ್ಯ ಅತ್ತ.

ಮೈಯೆಲ್ಲ ಮಣ್ಣಾದ ಕಾಳಪ್ಪ ಕುಂಟುತ್ತಾ ನೇರ ಅವರ ಹತ್ತಿರವೇ ಬಂದ. ಸಣ್ಣಯ್ಯ ಮುದುರಿಕೊಂಡ.

"ಲೋ, ಇವತ್ತು ಈ ಕಡೆ ತಿರುಗಿ ಕೂತಿದ್ದೆಯಲ್ಲೋ."

"ತಪ್ಪಾಯ್ತಣ್ಣ."

"ಎಂಥ ತಪ್ಪು? ಪ್ರತಿ ಸಲ ಬಿದ್ದು ತಲೆ ಎತ್ತಿದರೆ ನಿನ್ನ ಬೆನ್ನೇ ಕಾಣೋದು. ಸೋತವನ ಮುಖ ನೋಡೋಕೂ ನಿನಗೆ ಅಸಹ್ಯ ಅಂದ್ಕೊಂಡಿದ್ದೆ ಕಣೋ."

ತಮ್ಮನ ತಲೆಗೊಂದು ಮೊಟಕಿ, ಮೈ ತೊಳೆಯಲು ಹೊಳೆಗೆ ಇಳಿದುಹೋದ.

ವಾಪಸು ಬರುವಾಗ, ಕಣ್ಣಿನ ಬಟ್ಟೆ ಇನ್ನೂ ಬಿಚ್ಚದ ಗುರುಗಳನ್ನು ಸಣ್ಣಯ್ಯನೇ ಕೈಹಿಡಿದು ದೋಣಿ ಹತ್ತಿಸಿ, ಪಕ್ಕದಲ್ಲಿ ಕೂತ.

"ಬರೋ ವರ್ಷ..." ಅಂದ. ಅಷ್ಟು ಅನ್ನುವುದರಲ್ಲೇ ಗುರುಗಳ ಕೈಲಿದ್ದ ಅವನ ಕೈ ತಣ್ಣಗಾಯಿತು.

"ಇನ್ನೂ ಭಯ ಇದೆಯೇನೋ?"

"ಮೊದಲಿಗಿಂತ ಜಾಸ್ತಿ ಬುದ್ಧಿ. ಇನ್ನು ಮೇಲೆ ಅವನು ಬಿದ್ದಾಗೆಲ್ಲ ನನ್ನ ಮುಖ ಹುಡುಕ್ತಾನಲ್ಲ."

ಗುರುಗಳು ಕಣ್ಣಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಆಗ ಬಿಚ್ಚಿದರು. ಅದರಿಂದಲೇ ಅವನ ಮುಖ ಒರೆಸಿದರು.

"ಹಾಗಾದರೆ ಬರೋ ವರ್ಷ ಇನ್ನೂ ಹತ್ತಿರ ಕೂತ್ಕೊಳ್ಳೋಣ."