ಕೋಗಿಲೆ ಹಾಡಿದ ಕಾಗೆಯ ಹಸಿವು

ಈ ಮಾತಿನಲ್ಲಿ ಎಳ್ಳಷ್ಟು ಸುಳ್ಳಿದ್ದರೆ ನನ್ನ ಮೀಸೆ ಈಗಲೇ ಉದುರಲಿ. ಇಡೀ ಹೋಬಳಿಯಲ್ಲಿ ಹಕ್ಕಿಗಳ ಭಾಷೆ ಬಲ್ಲವನು ನಾನೊಬ್ಬನೇ.

ಕಾಗವ್ವನ ಮರಿಗಳು ಹಸಿದಿದ್ದವು. ನವಿಲು ದಣಿಗಳ ಕಣದಲ್ಲಿ ರಾಗಿ ರಾಶಿ ಬಿದ್ದಿತ್ತು. ಕಾಗವ್ವ ತನ್ನ ಗೂಡಿನಲ್ಲೇ ಬೆಳೆದ ಕೋಗಿಲೆಯನ್ನು ಕರೆದು, "ಮಗಾ, ನೀನು ಕವಿ. ನಮ್ಮ ಹಸಿವನ್ನು ದಣಿಗಳಿಗೆ ತಿಳಿಸಪ್ಪ" ಎಂದಳು.

ಕೋಗಿಲೆ ಹಾಡಿತು. ದಣಿಗಳು ಕಣ್ಣೀರಿಟ್ಟು, "ಆಹಾ, ಎಂಥ ಸೊಗಸಾದ ಹಸಿವು. ಇನ್ನೊಮ್ಮೆ ಹಾಡಿ" ಎಂದರು. ಕೋಗಿಲೆ ಮತ್ತೆ ಹಾಡಿತು, ದಣಿಗಳು ಮತ್ತೆ ಅತ್ತರು. ರಾಶಿಯಿಂದ ಒಂದು ಕಾಳೂ ಅಲುಗಲಿಲ್ಲ.

"ಮರಿಗಳಿಗೆ ಒಂದಿಷ್ಟು ರಾಗಿ, ದಣಿ?" ಎಂದು ಕೋಗಿಲೆ ಕೇಳಿತು.

"ಅವುಗಳ ಹೊಟ್ಟೆ ತುಂಬಿದರೆ ಇಷ್ಟು ಒಳ್ಳೆಯ ಹಾಡು ಕೆಟ್ಟುಹೋಗುತ್ತದಲ್ಲ, ಕವಿಗಳೇ?"

ಕಾಗವ್ವ ಮುಂದೆ ಬಂದಳು. "ನಿನಗೆ ಸುಸ್ತಾಗಿದೆ ಮಗಾ, ಉಳಿದದ್ದನ್ನು ನಾನು ಹಾಡ್ತೀನಿ" ಎಂದವಳೇ 'ಕಾ' ಎಂದಳು. ಕೂಗು ಕೇಳಿ ಬಳಗವೆಲ್ಲ ಹಾರಿಬಂದು ದನಿಗೂಡಿಸಿತು. ದಣಿಗಳು ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿ, "ಬೇಕಾದಷ್ಟು ರಾಗಿ ತಗೊಂಡು ತೊಲಗಿ" ಎಂದರು.

ಮರಿಗಳಿಗೆ ಉಣಿಸಿದ ಮೇಲೆ ಕಾಗವ್ವ ಪೆಚ್ಚಾಗಿ ಕೂತಿದ್ದ ಕೋಗಿಲೆಯ ಬಾಯಿಗೂ ತುತ್ತಿಟ್ಟಳು. "ಚೆನ್ನಾಗೇ ಹಾಡಿದೆ ಕಣೋ. ನನಗಂತೂ ಅಳು ಬಂತು."

ಇದಿಷ್ಟೂ ಸತ್ಯ. ದಣಿಗಳ ಕಣ್ಣೀರನ್ನು ಮಾತ್ರ ನಾನೇ ಸೇರಿಸಿದ್ದು.