ಮರಿಯ ಪಾಲು

"ಗುರುಗಳೇ, ಕೆಳಗಿನ ಊರಿನವರು ಮಠದ ದಾಸೋಹಕ್ಕೆ ಕೊಡುವ ಜೋಳವನ್ನು ಈ ಸಲ ಅರ್ಧಕ್ಕೆ ಇಳಿಸಿದ್ದಾರೆ. ನಿಮ್ಮ ಹೆಸರು ಹೇಳಿ ಸ್ವಲ್ಪ ಗಟ್ಟಿಯಾಗಿ ಕೇಳಲೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಮಠದ ಉಗ್ರಾಣ ಅವನ ಹೊಣೆಯಾಗಿತ್ತು. ಕಾಳು ಕೇಳಲು ಊರೂರು ತಿರುಗುವವನೂ ಅವನೇ. ಗುರುಗಳು ಅವನನ್ನು ಕೂಡಲು ಹೇಳಿ, ಕತೆಯೊಂದನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಹೆಣ್ಣುಕೂಸನ್ನು ಹೆತ್ತು ತೀರಿಕೊಂಡಳು. ಹೆಂಡತಿಯ ತಾಯಿ ಬಂದು ಮಗುವನ್ನು ಮಡಿಲಿಗೆ ಹಾಕಿಕೊಂಡಳು. ಪಕ್ಕದ ಮನೆಯ ಬಾಣಂತಿ ತನ್ನ ಮಗುವಿನ ಜೊತೆಗೆ ಇದಕ್ಕೂ ಎದೆಹಾಲು ಕೊಟ್ಟಳು. ಆದರೆ ಸ್ವಲ್ಪ ಕಾಲದಲ್ಲೇ ಅವಳ ಹಾಲು ಇಬ್ಬರಿಗೆ ಸಾಲದಾಯಿತು. ಅವಳು ಅಳುತ್ತ ಬಂದು ಇನ್ನು ತನ್ನಿಂದ ಆಗದೆಂದಳು.

ನೇಕಾರ ತಾನು ನೇಯ್ದ ಸೀರೆಯೊಂದನ್ನು ತೆಗೆದುಕೊಂಡು ಊರಾಚೆಯ ಕುರುಬರ ಹಟ್ಟಿಗೆ ಹೋದ. ಕುರಿಗಾಹಿಯ ಹೆಂಡತಿ ಸೀರೆ ತೆಗೆದುಕೊಂಡು, ಆಗತಾನೆ ಈದಿದ್ದ ಒಂದು ಗಿಡ್ಡ ಮೇಕೆಯನ್ನು ಮರಿಯ ಸಮೇತ ಕೊಟ್ಟಳು. ನೇಕಾರ ಮೇಕೆ ಸಾಕಿದವನಲ್ಲ. ಅವಳು ನಿಂತು ಹೇಳಿಕೊಟ್ಟಳು. ಸೊಪ್ಪನ್ನು ನೆಲಕ್ಕೆ ಎಸೆಯಬಾರದು, ತಾನು ತುಳಿದದ್ದನ್ನು ಮೇಕೆ ಮೂಸುವುದೂ ಇಲ್ಲ, ಕಟ್ಟುಮಾಡಿ ಕತ್ತಿನೆತ್ತರಕ್ಕೆ ತೂಗುಹಾಕಬೇಕು. ಒಣಮೇವು ದಿನವೂ ಇರಬೇಕು. ಕಾಳು ಒಂದು ಹಿಡಿ, ಅದಕ್ಕಿಂತ ಹೆಚ್ಚು ಬೇಡ. ಕರೆಯುವ ಮೊದಲು ಕೆಚ್ಚಲನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಬೇಕು. ಮೊಲೆಯನ್ನು ಎಳೆಯಬಾರದು. ಹೆಬ್ಬೆರಳು ತೋರುಬೆರಳುಗಳಿಂದ ಮೇಲೆ ಬಿಗಿಹಿಡಿದು ಉಳಿದ ಬೆರಳುಗಳನ್ನು ಒಂದಾದ ಮೇಲೊಂದು ಮಡಿಸುತ್ತ ಬರಬೇಕು. ರಾತ್ರಿ ಮರಿಯನ್ನು ಬೇರೆ ಕಟ್ಟಿ ಬೆಳಿಗ್ಗೆ ಕರೆದುಕೊಳ್ಳಬೇಕು, ಮರಿಗೆಂದು ಒಂದಷ್ಟು ಹಾಲು ಬಿಡಬೇಕು, ಹಗಲೆಲ್ಲ ಅದನ್ನು ತಾಯಿಯ ಜೊತೆಯಲ್ಲಿರಲು ಬಿಡಬೇಕು.

ನೇಕಾರ ಎಲ್ಲಕ್ಕೂ ತಲೆಯಾಡಿಸಿದ. ಅವನ ಗಮನ ಮನೆಯಲ್ಲಿದ್ದ ಕೂಸಿನ ಮೇಲಿತ್ತು.

ಮೊದಮೊದಲು ಮೇಕೆ ಒದ್ದು ಚೆಂಬು ಉರುಳಿಸಿತು. ಆದರೆ ಅವನದು ನೂಲು ಹಿಡಿದು ಪಳಗಿದ ಕೈ, ಬೇಗ ಕಲಿಯಿತು. ಅತ್ತೆ ಹಾಲನ್ನು ಕಾಯಿಸಿ, ನೀರು ಬೆರೆಸಿ, ಕೂಸುಗಳಿಗೆ ಹಾಲು ಹಾಕುವ ಮೂತಿಯುಳ್ಳ ಪುಟ್ಟ ಒಳಲೆಯಲ್ಲಿ ಕುಡಿಸಿದಳು. ಪಕ್ಕದ ಮನೆಯವಳ ಹಾಲು ಸಾಲದಾದ ಮೇಲೆ ಮೊದಲ ಸಲ ಕೂಸು ಹೊಟ್ಟೆ ತುಂಬಿ ಮಲಗಿತು. ನೇಕಾರನೂ ಮಗ್ಗಕ್ಕೆ ಇಳಿದ.

ಮಗು ಬೆಳೆಯಿತು. ಒಳಲೆ ಬರಿದಾದ ಮೇಲೂ ಬಾಯಿ ತೆರೆಯತೊಡಗಿತು. ನೇಕಾರ ಮರಿಗೆಂದು ಬಿಡುತ್ತಿದ್ದ ಹಾಲನ್ನೂ ಕರೆದುಕೊಂಡ. ಮರಿ ಹಗಲಲ್ಲಿ ಕುಡಿಯುತ್ತದೆಂದು ಅದನ್ನು ಹಿತ್ತಲಿನ ಆಚೆ ತುದಿಯಲ್ಲಿ ಕಟ್ಟಿ ಮುಂದೆ ಸೊಪ್ಪು ಹಾಕಿದ. ಅದು ಸೊಪ್ಪು ತಿನ್ನುವ ವಯಸ್ಸಿನದಲ್ಲ.

ಅತ್ತೆ ಇದನ್ನು ನೋಡಿದಳು. "ಮರಿ ಹಸಿದು ಬೆನ್ನು ಬಾಗಿಸಿ ನಿಂತಿದೆ," ಎಂದಳು.

"ನಿಮಗೆ ಮಗಳ ಮಗು ಬೇಕೋ, ಮೇಕೆಯ ಮರಿ ಬೇಕೋ?" ಎಂದ ನೇಕಾರ.

ಮಗಳನ್ನು ಕಳೆದುಕೊಂಡವಳು ಅವಳು. ಮತ್ತೆ ಆ ಮಾತೆತ್ತಲಿಲ್ಲ.

ಕೆಲವು ದಿನ ಹಾಲು ಹೆಚ್ಚು ಸಿಕ್ಕಿತು. ಆಮೇಲೆ ಇಳಿಯತೊಡಗಿತು. ನೇಕಾರ ಚೆಂಬು ಹಿಡಿದು ಹತ್ತಿರ ಬಂದರೆ ಮೇಕೆ ಮೈ ಬಿಗಿ ಮಾಡಿಕೊಂಡು ನಿಲ್ಲುತ್ತಿತ್ತು. ಎಷ್ಟು ಹಿಂಡಿದರೂ ತಳ ಮುಚ್ಚುವಷ್ಟು ಬರಲಿಲ್ಲ. ಮೇವು ಸಾಲದೆಂದು ಅವನು ಬಗೆದ. ಮನೆಯಲ್ಲಿದ್ದ ಜೋಳವನ್ನು ಬುಟ್ಟಿಗೆ ಸುರಿದು ಅದರ ಮುಂದಿಟ್ಟ. ಮೇಕೆ ಬುಟ್ಟಿ ನೆಕ್ಕಿ ಬರಿದು ಮಾಡಿತು.

ಸಂಜೆಯ ಹೊತ್ತಿಗೆ ಅದರ ಎಡಪಕ್ಕೆ ಉಬ್ಬಿತು. ಮೇಕೆ ಹಲ್ಲು ಕಡಿಯುತ್ತ ಮಲಗಿತು, ಎಬ್ಬಿಸಿದರೆ ಏಳಲಿಲ್ಲ. ನೇಕಾರ ಹಟ್ಟಿಗೆ ಓಡಿದ. ಕುರಿಗಾಹಿಯ ಹೆಂಡತಿ ಬಂದು ಅದರ ಬಾಯಿಗೆ ಎಣ್ಣೆ ಹೊಯ್ದಳು, ಪಕ್ಕೆ ಉಜ್ಜಿದಳು, ಎತ್ತಿ ನಿಲ್ಲಿಸಿ ಅಂಗಳದಲ್ಲಿ ನಡೆಸಿದಳು. ಬಹಳ ಹೊತ್ತಿನ ಮೇಲೆ ವಾಯು ಹೊರಟಿತು. ಮೇಕೆ ಉಳಿಯಿತು. ಹಾಲು ಮಾತ್ರ ಒಂದು ಹನಿಯೂ ಬರಲಿಲ್ಲ. ಅತ್ತೆ ತೆಳ್ಳನೆಯ ಗಂಜಿ ಮಾಡಿ ಕುಡಿಸಲು ನೋಡಿದಳು. ಕೂಸು ಕುಡಿದದ್ದನ್ನೆಲ್ಲ ಕಕ್ಕಿತು.

ಬೆಳಗಾದ ಮೇಲೆ ಕುರಿಗಾಹಿಯ ಹೆಂಡತಿ ಮತ್ತೆ ಬಂದಳು. ಮೇಕೆ ಎದ್ದು ನಿಂತು ಒಣಹುಲ್ಲು ಮೆಲ್ಲುತ್ತಿತ್ತು. ಅವಳು ಕೆಚ್ಚಲು ಮುಟ್ಟಿ ನೋಡಿ, "ಹಾಲು ಬತ್ತಿಲ್ಲ, ಮರಿಗೆಂದು ಬಿಗಿಹಿಡಿದಿದೆ. ಮರಿ ಎಲ್ಲಿ?" ಎಂದಳು.

ನೇಕಾರ ಹಿತ್ತಲಿನಿಂದ ಮರಿಯನ್ನು ಎತ್ತಿಕೊಂಡು ಬಂದ. ಅದಕ್ಕೆ ನಿಲ್ಲುವ ಶಕ್ತಿಯಿರಲಿಲ್ಲ. ತನ್ನ ಮಗುವಿಗಿಂತ ಅದು ಹಗುರವಾಗಿದೆಯೆಂದು ಅವನಿಗೆ ಆಗ ತಿಳಿಯಿತು. ಕೆಳಗಿಟ್ಟೊಡನೆ ಮೇಕೆ ಅದನ್ನು ಮೂಸಿತು, ಬೆನ್ನು ನೆಕ್ಕಿತು, ಗಂಟಲಲ್ಲೇ ಸಣ್ಣಗೆ ದನಿ ಮಾಡಿತು. ಹೆಂಗಸು ಮರಿಯ ಬಾಯನ್ನು ಮೊಲೆಗೆ ಹಿಡಿದಳು. ಅದಕ್ಕೆ ಚೀಪಲಾಗಲಿಲ್ಲ. ಅವಳೇ ಹಿಂಡಿ ಅದರ ನಾಲಿಗೆಗೆ ಹಾಲು ಬಿಟ್ಟಳು. ಮೊದಲು ಹನಿಯಾಗಿ ಬಂದದ್ದು ಆಮೇಲೆ ಧಾರೆಯಾಯಿತು.

ಧಾರೆ ಕಂಡದ್ದೇ ನೇಕಾರ ಚೆಂಬು ತಂದ. ಒಳಗೆ ಕೂಸು ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಇಲ್ಲಿ ಮರಿ ಒಂದೊಂದೇ ಗುಟುಕು ನುಂಗುತ್ತಿತ್ತು. ಕುರಿಗಾಹಿಯ ಹೆಂಡತಿ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ನೇಕಾರ ಚೆಂಬು ಹಿಡಿದು ನಿಂತೇ ಇದ್ದ. ಅವನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಬೇರೊಂದಿರಲಿಲ್ಲ. ಮರಿ ತಾನಾಗಿ ಚೀಪತೊಡಗಿತು. ಅದು ಕುಡಿದು ಮೊಲೆ ಬಿಟ್ಟ ಮೇಲೆ ಅವನು ಕುಕ್ಕರಗಾಲಲ್ಲಿ ಕುಳಿತು ಇನ್ನೊಂದು ಮೊಲೆಗೆ ಕೈಯಿಟ್ಟ. ಮೇಕೆ ಕದಲಲಿಲ್ಲ. ಸಿಕ್ಕಿದ್ದು ಒಂದು ಒಳಲೆಯಷ್ಟು ಹಾಲು. ಕೂಸು ಅದನ್ನು ಕುಡಿದು ಮಲಗಿತು.

ಅಂದಿನಿಂದ ಅವನು ಮರಿ ಕುಡಿದ ಮೇಲೆಯೇ ಕರೆದ. ಹಾಲು ಒಮ್ಮೆಗೇ ಹೆಚ್ಚಲಿಲ್ಲ. ಎಷ್ಟೋ ದಿನ ಕೂಸು ಅರೆಹೊಟ್ಟೆಯಲ್ಲೇ ಮಲಗಿತು, ಅತ್ತೆ ಅದನ್ನು ಹೆಗಲಿಗೆ ಹಾಕಿಕೊಂಡು ತಿರುಗಾಡಿದಳು. ನಿಧಾನವಾಗಿ ಇಬ್ಬರಿಗೂ ಸಾಲುವಷ್ಟಾಯಿತು. ಕೂಸು ಬದುಕಿತು. ಮರಿಯೂ ಬದುಕಿತು, ಆದರೆ ಅದರ ಹಿಂಗಾಲುಗಳು ಕೊನೆಯವರೆಗೂ ಬಲಗೊಳ್ಳಲಿಲ್ಲ. ನೇಕಾರ ಅದನ್ನು ಮಾರಲೂ ಇಲ್ಲ, ಕೊಯ್ಯಲೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ, ಗಟ್ಟಿಯಾಗಿ ಕೇಳುವುದು ತಪ್ಪೆಂದು ತಿಳಿಯಿತು, ಮೆತ್ತಗೆಯೇ ಕೇಳುತ್ತೇನೆ, ಎಷ್ಟು ಜೋಳ ಕೇಳಲಿ ಅಪ್ಪಣೆಯಾಗಲಿ ಎಂದ.

"ನೀನು ಜೋಳ ಕೇಳಲು ಹೋದ ದಿನ ಆ ಮನೆಗಳ ಮಕ್ಕಳು ಏನು ಉಂಡಿದ್ದರು?" ಎಂದರು ಗುರುಗಳು.

ಚೆನ್ನವೀರ ಕಾಳಿನ ಚೀಲವನ್ನು ಉಗ್ರಾಣದಲ್ಲೇ ಬಿಟ್ಟು, ಅದನ್ನು ಕೇಳಿ ತಿಳಿಯಲು ಕೆಳಗಿನ ಊರಿಗೆ ಹೊರಟ.